ಉಗಿ ಪಂಪಿನ ಒಳಗುಟ್ಟೂ ಕಾಣಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಮಕ್ಕಳೊಡನೆ ಹೋಗುವವರು ಉಗಿಬಂಡಿಯ ನೆನಪಿನಲ್ಲಿ ಮೈಮರೆಯುತ್ತಾರೆ. ಆ ಕಾಲದಲ್ಲಿ ನೀರನ್ನು ಮೇಲೆತ್ತುತ್ತಿದ್ದ ಉಗಿಚಾಲಿತ ಪಂಪನ್ನು ನೆನೆಯುವವರು ಕಡಿಮೆ. ಓಟ ನಿಲ್ಲದಂತೆ ತಿರುಗುವ ಭಾರದ ಗಾಲಿಯ ಆಸರೆಯಿಲ್ಲದ ಒಂಟಿ ಸಿಲಿಂಡರಿನ ಪಂಪಿನಲ್ಲಿ ಪಿಸ್ಟನ್ ತುದಿ ಮುಟ್ಟಿದಾಗ ಉಗಿಯ ದಾರಿ ಬದಲಿಸುವ ಕವಾಟ ಪೂರ್ತಿ ಹೊರಳದೆ ಯಂತ್ರವೇ ನಿಂತುಬಿಡುವ ಭಯವಿತ್ತು. ಅಮೆರಿಕದ ಹೆನ್ರಿ ವರ್ದಿಂಗ್ಟನ್ ಎರಡು ಪಂಪುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ಒಂದರ ಪಿಸ್ಟನ್ ದಂಡವೇ ಇನ್ನೊಂದರ ಉಗಿ ಕವಾಟವನ್ನು ಸರಿಸುವಂತೆ ಮಾಡಿದರು. ಜೋಡೆತ್ತಿನಂತೆ ಎನ್ನಬಹುದೇನೋ, ಒಂದು ಪಂಪು ಕ್ಷಣಕಾಲ ತಂಗುವಾಗ ಇನ್ನೊಂದು ದೂಡುತ್ತಿರುವುದರಿಂದ ನೀರಿನ ಹರಿವು ಕಡಿಯುವುದಿಲ್ಲ, ಕೊಳವೆಗೆ ಬೀಳುವ ಪೆಟ್ಟೂ ಕಡಿಮೆ. ಆದರೆ ಪಿಸ್ಟನ್ನಿನ ಓಟದುದ್ದಕ್ಕೂ ಉಗಿಯನ್ನು ಪೂರ್ಣ ಒತ್ತಡದಲ್ಲೇ ಬಿಡಬೇಕಾಗಿದ್ದರಿಂದ ಇಂಧನ ಹೆಚ್ಚು ಸುಡುತ್ತಿತ್ತು. ಒಮ್ಮೆ ಬಳಸಿದ ಉಗಿಯನ್ನೇ ಇನ್ನೂ ದೊಡ್ಡದಾದ ಸಿಲಿಂಡರಿಗೆ ಹಾಯಿಸಿ ಮತ್ತೊಮ್ಮೆ ದುಡಿಸಿದ್ದು, ನನ್ನ ಮಟ್ಟಿಗೆ, ಮೊದಲಿನದಕ್ಕಿಂತಲೂ ಜಾಣ ಸುಧಾರಣೆ.

ಇಂಥ ಪಂಪೊಂದರ ಸೀಳುಮಾದರಿಯನ್ನು, ಕವಾಟಗಳ ಚಲನೆ ಕಣ್ಣಿಗೆ ಕಾಣುವಂತೆ, ಕನ್ನಡ ವಿವರಣೆಯೊಂದಿಗೆ ಸಂಗ್ರಹಾಲಯದಲ್ಲಿ ಇರಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ನಿವೃತ್ತ ಫಿಟ್ಟರ್, ಹುಬ್ಬಳ್ಳಿ