ಮಗಳಿಗೊಂದು ಪತ್ರ: ಟ್ರೇಲರಿನ ಮಾಡು ಸೋರಿದರೆ

ಪೆರ್ಲ, ಎಪ್ರಿಲ್ 20

ಪ್ರೀತಿಯ ಮಗಳೇ,

ನಿನ್ನ ಟ್ರೇಲರಿನ, ಅಂದರೆ ಒಳಗೆ ಮಲಗಿ ಇರಲು ಬರುವ ಆ ಗಾಡಿಯ, ನೀನು ಕಳುಹಿಸಿದ ಫೋಟೋ ನೋಡಿದೆ. ಹಾಸಿಗೆಯ ಮೇಲಿನ ಮೂಲೆಯಲ್ಲಿ ಕಂದು ಕಲೆ, ಅದರ ಪಕ್ಕದ ಗೋಡೆ ಸ್ವಲ್ಪ ಉಬ್ಬಿದೆ. ಕಲೆಯ ನೇರ ಮೇಲೆ ತೂತು ಹುಡುಕಬೇಡ. ಹಂಚಿನ ಮಾಡಿನಲ್ಲಾದರೆ ಒಡೆದ ಹಂಚಿನ ಆಸುಪಾಸಿನಲ್ಲೇ ನೀರು ತೊಟ್ಟಿಕ್ಕುತ್ತದೆ. ಟ್ರೇಲರಿನಲ್ಲಿ ಮೇಲೆ ಇಪಿಡಿಎಂ ಎಂಬ ರಬ್ಬರಿನ ಹಾಳೆ, ಅದರಡಿ ಪ್ಲೈವುಡ್, ಅದರಡಿ ತೆಳ್ಳಗಿನ ಪಕಾಸುಗಳು, ಅಂದರೆ ಮಾಡು ಹೊರುವ ಮರದ ಪಟ್ಟಿಗಳು. ಮಾಡಿನಲ್ಲಿ ಗಾಳಿಗೆಂದು ಕೊರೆದ ಕಿಂಡಿಯ, ಅಂದರೆ ವೆಂಟಿನ, ಬಳಿ ಹೊಕ್ಕ ನೀರು ಪಕಾಸಿನ ಗುಂಟ ಹರಿದು, ಗಾಡಿ ಯಾವ ಕಡೆಗೆ ತಗ್ಗಿದೆಯೋ ಅಲ್ಲಿ ಇಳಿಯುತ್ತದೆ. ಗಾಡಿ ನಿಂತಿರುವ ಕುಂಬಳೆಯ ಆ ಅಂಗಳ ಪಡುವಣಕ್ಕೆ ಇಳಿಜಾರು. ಹಾಗಾಗಿ ಕಲೆ ಕಂಡ ಕಡೆಯಿಂದ ಮೂಡಣಕ್ಕೆ, ಅಂದರೆ ಎತ್ತರದ ಕಡೆಗೆ, ಹುಡುಕುತ್ತ ಹೋಗು.

ಮೊದಲು ಒಂದು ಅನುಮಾನ ಬಗೆಹರಿಸಿಕೊ. ಬಿಸಿಲಿನಲ್ಲಿ ಮಾಡಿನ ಮೇಲಿನ ಎ.ಸಿ. ಓಡುವಾಗ ಮಾತ್ರ ತೊಟ್ಟಿಕ್ಕಿದರೆ ಅದು ಮಳೆನೀರಲ್ಲ, ಎ.ಸಿ.ಯ ನೀರು ಹೊರಹೋಗುವ ದಾರಿ ಕಟ್ಟಿದೆ ಎಂದರ್ಥ. ಮಳೆಗೆ ಮಾತ್ರ ಎ.ಸಿ.ಯ ಸುತ್ತ ಒದ್ದೆಯಾದರೆ ಅದರಡಿಯ ಫೋಮ್ ಗ್ಯಾಸ್ಕೆಟ್, ಅಂದರೆ ನೀರು ತಡೆಯುವ ಮೆತ್ತೆ, ಕುಗ್ಗಿದೆ. ಒಳಗಿನಿಂದ ಅದರ ನಾಲ್ಕು ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ, ಎಲ್ಲ ಕಡೆ ಸಮನಾಗಿ ಬಿಗಿ ಮಾಡು. ಗ್ಯಾಸ್ಕೆಟ್ ಸುಮಾರು ಅರ್ಧ ಇಂಚಿಗೆ ಬಂದರೆ ಸಾಕು, ಅದಕ್ಕಿಂತ ಹೆಚ್ಚು ಒತ್ತಬೇಡ.

ನೀರು ಬಿಟ್ಟು ಪರೀಕ್ಷೆ ಮಾಡುವಾಗ ಕರೆಂಟಿನ ವಯರ್ ಕಳಚಿ, ಬ್ಯಾಟರಿಯನ್ನೂ ಬೇರ್ಪಡಿಸು. ಪೈಪಿನಿಂದ ಮೆಲ್ಲಗೆ ನೀರು ಬಿಡಬೇಕು, ಪ್ರೆಶರ್ ವಾಷರ್ ಬೇಡ, ಅದು ಗಟ್ಟಿಯಿರುವ ಸಂದನ್ನೂ ಬಿಡಿಸುತ್ತದೆ. ಕೆಳಗಿನಿಂದ ಶುರು ಮಾಡು: ಮೊದಲು ಕಿಟಕಿ, ಆಮೇಲೆ ಮೂಲೆಯ ಅಲ್ಯೂಮಿನಿಯಂ ಪಟ್ಟಿ, ಕೊನೆಗೆ ವೆಂಟ್. ಒಂದೊಂದು ಕಡೆ ಹತ್ತು ನಿಮಿಷ. ಒಳಗೆ ಒಬ್ಬರು ಟಾರ್ಚ್ ಹಿಡಿದಿರಲಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಇಳಿದು ಏನೂ ತಿಳಿಯುವುದಿಲ್ಲ. ಮಾಡಿನ ಮೇಲೆ ಬರಿಗಾಲಿನಲ್ಲೂ ನಡೆಯಬೇಡ, ಎರಡಡಿ ಅಗಲದ ಪ್ಲೈವುಡ್ ತುಂಡು ಹಾಸಿ ಅದರ ಮೇಲೆ ಮಂಡಿಯೂರಿ ಕೆಲಸ ಮಾಡು.

ಸೋರುವ ಜಾಗ ಸಿಕ್ಕಿದ ಮೇಲೆ ಅಂಗಡಿಯವರು ಕೊಡುವ ಸಿಲಿಕೋನ್ ಟ್ಯೂಬ್ ಹಿಡಿದುಕೊಂಡು ಓಡಬೇಡ. ರಬ್ಬರ್ ಹಾಳೆಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಅದರ ಪಸೆ ಉಳಿದಲ್ಲಿ ಮುಂದೆ ಬೇರೇನೂ ಅಂಟುವುದಿಲ್ಲ. ಡಾಂಬರಿನ ಟೇಪ್ ಇನ್ನೂ ಕೆಟ್ಟದ್ದು, ಅದರ ಎಣ್ಣೆಗೆ ಇಪಿಡಿಎಂ ರಬ್ಬರ್ ಉಬ್ಬಿ ಗುಳ್ಳೆ ಏಳುತ್ತದೆ. ವೆಂಟಿನ ಸ್ಕ್ರೂ ಬಿಚ್ಚಿ ಇಡೀ ಚೌಕಟ್ಟನ್ನೇ ಎಬ್ಬಿಸು. ಹಳೆಯ ಅಂಟನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡು. ಚೌಕಟ್ಟಿನಡಿ 3 ಮಿ.ಮೀ. ದಪ್ಪದ ಬ್ಯೂಟೈಲ್ ಟೇಪ್ (ಮೆತ್ತಗಿನ ಅಂಟು ರಬ್ಬರಿನ ಪಟ್ಟಿ) ಸುತ್ತಿಸಿ, ಅಂಚಿನಿಂದ ಟೇಪ್ ಹಿಂಡಿ ಹೊರಬರುವ ತನಕ ಸ್ಕ್ರೂ ಬಿಗಿ ಮಾಡು. ಮರುದಿನ ಮತ್ತೊಮ್ಮೆ ಬಿಗಿ ಮಾಡಿ, ಹೊರಬಂದದ್ದನ್ನು ಕತ್ತರಿಸಿ ತೆಗೆ. ಕಡಲು ಹತ್ತಿರ, ಉಪ್ಪುಗಾಳಿ. ಸ್ಕ್ರೂಗಳು ಸ್ಟೇನ್‌ಲೆಸ್‌ನವೇ ಆಗಿರಲಿ. ಆಮೇಲೆ ಪ್ರತಿ ಸ್ಕ್ರೂ ತಲೆಯೂ ಮುಚ್ಚುವಂತೆ ಲ್ಯಾಪ್ ಸೀಲಂಟ್, ಅಂದರೆ ಮಾಡಿನ ಸಂದು ಮುಚ್ಚುವ ಅಂಟು, ಹಾಕು. ಸಮತಟ್ಟಾದ ಜಾಗಕ್ಕೆ ತಾನೇ ಹರಡಿಕೊಳ್ಳುವುದು, ಗೋಡೆಯ ಬದಿಗೆ ಜಾರದ ಬಗೆಯದು.

ಈಗ ನಿಜವಾದ ಕೆಲಸ. ಮೇಲಿನ ತೂತು ಮುಚ್ಚಿದ ಮಾತ್ರಕ್ಕೆ ಒಳಗಿನ ಒದ್ದೆ ಹೋಗುವುದಿಲ್ಲ, ಅದು ಮುಚ್ಚಿದ ಡಬ್ಬಿಯಲ್ಲಿಟ್ಟ ಹಾಗೆ ಕೊಳೆಯುತ್ತದೆ. ಕಲೆಯಾದ ಸೀಲಿಂಗ್ ತುಂಡನ್ನು ಬಿಚ್ಚಿ, ಒದ್ದೆ ಗ್ಲಾಸ್‌ವೂಲನ್ನು ಎಸೆದುಬಿಡು, ಅದು ಒಣಗುವವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಮರವನ್ನು ಚುಚ್ಚಿ ನೋಡು. ಬೆಣ್ಣೆಗೆ ಹೋದ ಹಾಗೆ ಹೋದರೆ ಆ ತುಂಡು ಹೋಯಿತು, ಸುತ್ತ ಗಟ್ಟಿಮರ ಸಿಗುವ ತನಕ ಕತ್ತರಿಸಿ ಐಎಸ್ 710 ಗುರುತಿನ, ನೀರು ತಾಳುವ ಮರೈನ್ ಪ್ಲೈವುಡ್ ಹಾಕು. ಉಳಿದ ಮರಕ್ಕೆ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಬಿಳಿಗಾರ ಕರಗಿಸಿ ಹಚ್ಚು. ಆಮೇಲೆ ಫ್ಯಾನು, ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಹಗಲೂ ರಾತ್ರಿ ಓಡಲಿ.

ಒಣಗಿದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ತೀರ್ಮಾನಿಸಬೇಡ, ಮರದ ತೇವ ಅಳೆಯುವ ಸೂಜಿಯ ಮಾಯಿಶ್ಚರ್ ಮೀಟರ್ ಬೇಕು. ಶೇಕಡಾ 20 ದಾಟಿದರೆ ಮರಕ್ಕೆ ಅಪಾಯ. ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಕಡೆ ಒಣ ಮರವೇ 16-18 ತೋರಿಸುತ್ತದೆ. ಅದಕ್ಕೆ ಒಳ್ಳೆಯದಿರುವ ಗೋಡೆಯಲ್ಲೊಮ್ಮೆ, ಸೋರಿದಲ್ಲೊಮ್ಮೆ ಅಳೆದು ಎರಡನ್ನೂ ಹೋಲಿಸು. ಎರಡೂ ಒಂದೇ ಮಟ್ಟಕ್ಕೆ ಬಂದ ಮೇಲಷ್ಟೆ ಸೀಲಿಂಗ್ ಮುಚ್ಚು. ಉಬ್ಬಿದ ಗೋಡೆ ಮಾತ್ರ ಹಾಗೆಯೇ ಉಳಿಯಬಹುದು. ಹೊರಗಿನ ಫೈಬರ್ ಹಾಳೆ ಒಳಗಿನ ತೆಳು ಪ್ಲೈಯಿಂದ ಬಿಟ್ಟಿದೆ, ಅದನ್ನು ಮತ್ತೆ ಅಂಟಿಸುವುದು ದೊಡ್ಡ ಕೆಲಸ. ನೀರು ಸೋರುವುದು ನಿಂತರೆ ಆ ಉಬ್ಬು ಹರಡುವುದಿಲ್ಲ, ಈ ವರ್ಷಕ್ಕೆ ಅಷ್ಟು ಸಾಕು.

ಇದೆಲ್ಲ ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರ ಮಳೆ ಹಿಡಿಯುವ ಮೊದಲೇ, ಮುಗಿಯಬೇಕು. ನಿನ್ನ ಗಾಡಿಯ ಮಾಡು ಸುಮಾರು 11 ಚದರ ಮೀಟರ್, 100 ಮಿ.ಮೀ. ಮಳೆ ಬಿದ್ದ ದಿನ ಅದರ ಮೇಲೆ 1100 ಲೀಟರ್ ನೀರು ಸುರಿಯುತ್ತದೆ. ಕೂದಲಿನಷ್ಟು ಬಿರುಕು ಸಾಕು. ಟಾರ್ಪಾಲಿನ್ ಬಿಗಿದು ಕಟ್ಟಬೇಡ, ಗಾಳಿಗೆ ಅದು ರಬ್ಬರನ್ನು ಉಜ್ಜುತ್ತದೆ, ಒಳಗೆ ಬೆವರು ಹಿಡಿಸುತ್ತದೆ. ಅಡಕೆ ಒಣಗಿಸಲು ಅಂಗಳದಲ್ಲಿ ಹಾಕುವ ಸೋಲಾರಿನ ಚಪ್ಪರದಂತೆ ಕಬ್ಬಿಣದ ಪೈಪ್ ನೆಟ್ಟು, ಒಂದೂವರೆ ಅಡಿ ಮೇಲೆ ಶೀಟ್ ಹಾಕಿಸು, ನಾಲ್ಕು ಕಡೆ ಗಾಳಿಯಾಡಲಿ. ತೆಂಗಿನ ಮರದಡಿಯಿಂದ ಗಾಡಿಯನ್ನು ಈಗಲೇ ಸರಿಸು, ಒಂದು ಮಡಲು ಬಿದ್ದರೆ ರಬ್ಬರ್ ಹರಿಯುತ್ತದೆ.

ಸೀಲಿಂಗ್ ಬಿಚ್ಚುವ ದಿನ ಮೊದಲೇ ಹೇಳು. ಮೀಟರ್ ನಾನು ತರುತ್ತೇನೆ, ಏಣಿ ಅಲ್ಲಿದೆಯಲ್ಲ.

ನಿನ್ನ ಅಪ್ಪ