ಅಜ್ಜಿ ಹೇಳಿದ್ದು ಕಾರ್ತೀಕ, ಚಾರ್ಟಲ್ಲಿ ಬಿದ್ದಿದ್ದು ಕನ್‌ಫ್ಯೂಸ್ಡ್: ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸಾರ್. ನಾನು ನ್ಯೂರೋ ಐಸಿಯುನಲ್ಲಿ ಕೆಲಸ ಮಾಡೋ ಸ್ಟಾಫ್ ನರ್ಸ್. ಗಂಡಸು, ಹಾಗಾಗಿ ಪೇಷಂಟ್ ಕಡೆಯೋರು ಬ್ರದರ್ ಅಂತಾರೆ, ಕೆಲವು ವಯಸ್ಸಾದೋರು ಅಭ್ಯಾಸಬಲದಿಂದ ನನ್ನನ್ನೂ ಸಿಸ್ಟರ್ ಅಂತಲೇ ಕರೀತಾರೆ, ನಾನೂ ಓ ಅಂತೀನಿ. ಸಂಬಳ ಜಾಸ್ತಿ ಮಾಡಿ ಅಂತ ಬರೀತಿದಾನೆ ಅಂದ್ಕೋಬೇಡಿ, ಅದಕ್ಕೆ ಬೇರೆಯವರು ಇದಾರೆ. ನಾನು ಬರೀತಿರೋದು ನರ್ಸಿಂಗ್ ರಿಸರ್ಚ್ ಬಗ್ಗೆ. ಬೆಡ್ಡೇ ಸಿಗದೆ ಜನ ಆಂಬುಲೆನ್ಸಲ್ಲಿ ಸುತ್ತೋವಾಗ ಇವನಿಗೆ ರಿಸರ್ಚ್ ಚಿಂತೆ ಅನ್ನಿಸಿದ್ರೆ ತಪ್ಪಿಲ್ಲ, ಆದ್ರೂ ಒಂದು ಕಥೆ ಕೇಳಿ.

ದೀಪಾವಳಿ ಆಗಿ ಸ್ವಲ್ಪ ದಿನ ಆಗಿತ್ತು. ಶಿರಾ ಕಡೆಯ ಒಬ್ಬ ಅಜ್ಜಿ, ಬಚ್ಚಲಲ್ಲಿ ಜಾರಿ ಬಿದ್ದು ಯಾವ ಕಾಲವಾಯ್ತೋ, ತಲೆಯೊಳಗೆ ನಿಧಾನಕ್ಕೆ ರಕ್ತ ಕಟ್ಕೊಂಡು ಬಂದಿದ್ರು, ಕ್ರಾನಿಕ್ ಸಬ್‌ಡ್ಯೂರಲ್ ಅಂತೀವಿ. ಬರ್ ಹೋಲ್, ಅಂದ್ರೆ ತಲೆಬುರುಡೇಲಿ ಸಣ್ಣ ತೂತು ಮಾಡಿ ರಕ್ತ ತೆಗೆದು ನಮ್ಮ ಕಡೆ ಕಳಿಸಿದ್ರು. ಸಂಜೆ ಶಿಫ್ಟಲ್ಲಿ ಜಿಸಿಎಸ್, ಅಂದ್ರೆ ಎಚ್ಚರ ಅಳೆಯೋ ಸ್ಕೋರ್, 15ಕ್ಕೆ 15. ರಾತ್ರಿ ಶಿಫ್ಟಿಗೆ ಬಂದ ಹುಡುಗಿ ಬೇರೆ ರಾಜ್ಯದವಳು, ಕೆಲಸದಲ್ಲಿ ನನಗಿಂತ ಚುರುಕು, ಕನ್ನಡ ಈಗಷ್ಟೇ ಕಲೀತಿದಾಳೆ. ಯಾವ ತಿಂಗಳು ಅಜ್ಜಿ ಅಂತ ಕೇಳಿದಾಳೆ. ಅಜ್ಜಿ ಕಾರ್ತೀಕ ಕಣವ್ವಾ ಅಂದಿದಾರೆ. ನವೆಂಬರ್ ಅನ್ನಲಿಲ್ಲ, ಇಸ್ವಿ ಕೇಳಿದ್ರೆ ಗೊತ್ತಿಲ್ಲ ಅಂದ್ರು, ಸರಿ, ಮಾತಿಗೆ 5ರ ಬದಲು 4, ಕನ್‌ಫ್ಯೂಸ್ಡ್. ಆಪರೇಷನ್ ಆದ ರಾತ್ರಿ ಒಂದು ಮಾರ್ಕ್ ಇಳಿದ್ರೂ ಯಾರೂ ಸುಮ್ನಿರಲ್ಲ, ಮತ್ತೆ ರಕ್ತ ಕಟ್ಟಿರಬಹುದು ಅನ್ನೋ ಭಯ. ಡ್ಯೂಟಿ ಡಾಕ್ಟರ್ ಬಂದ್ರು, 2 ಗಂಟೆ ರಾತ್ರೀಲಿ ಅಜ್ಜಿನ ಸ್ಟ್ರೆಚರ್ ಮೇಲೆ ಹಾಕ್ಕೊಂಡು ಸಿಟಿ ಸ್ಕ್ಯಾನಿಗೆ ಓಡಿದ್ರು. ಸ್ಕ್ಯಾನ್‌ನಲ್ಲಿ ಹೊಸದೇನೂ ಇಲ್ಲ. ಬೆಳಿಗ್ಗೆ ನಾನು ಹ್ಯಾಂಡೋವರ್ ತಗೊಂಡು, ಏನಜ್ಜಿ ಕಾರ್ತೀಕ ಮುಗೀತಾ ಅಂದೆ. ಎಲ್ಲಿ ಮುಗೀತಪ್ಪ, ಕಡೇ ಸೋಮವಾರ ಇನ್ನೂ ಬಂದಿಲ್ಲ, ನಾನಿಲ್ಲಿ ಬಿದ್ದಿವ್ನಿ, ದೀಪ ಹಚ್ಚೋರ್ಯಾರು ಅಂದ್ರು. ಸಾರ್, ಆ ವಾರ್ಡಲ್ಲಿ ಅವತ್ತು ತಿಥಿ ವಾರ ಸರಿಯಾಗಿ ಗೊತ್ತಿದ್ದಿದ್ದು ಅವರೊಬ್ರಿಗೇ.

ಇದು ಆ ಹುಡುಗಿ ತಪ್ಪಲ್ಲ. ಅವಳು ಕಲಿತಿದ್ದನ್ನೇ ಮಾಡಿದ್ಲು. ಜಿಸಿಎಸ್ ಅಂದ್ರೆ ಗ್ಲಾಸ್ಗೋ ಕೋಮಾ ಸ್ಕೇಲ್, 1974ರಲ್ಲಿ ಟೀಸ್‌ಡೇಲ್ ಮತ್ತೆ ಜೆನೆಟ್ ಅನ್ನೋ ಇಬ್ರು ಗ್ಲಾಸ್ಗೋದಲ್ಲಿ ಮಾಡಿದ್ದು (ನಮ್ಮ ನಿಮ್ಹಾನ್ಸ್ ಆಗಿದ್ದೂ ಅದೇ ವರ್ಷ). ಕಣ್ಣಿಗೆ 4, ಮಾತಿಗೆ 5, ಕೈಕಾಲಿಗೆ 6, ಒಟ್ಟು 15, ಏನೂ ಇಲ್ಲದಿದ್ರೂ 3. ಡಾಕ್ಟರ್ ನೋಡಿದ್ರೂ ನರ್ಸ್ ನೋಡಿದ್ರೂ ಒಂದೇ ಉತ್ತರ ಬರ್ಬೇಕು ಅನ್ನೋದೇ ಅದರ ಉದ್ದೇಶ, ಒಳ್ಳೇ ಸ್ಕೇಲು. ಆದ್ರೆ ಪೇಷಂಟ್ ಲಂಬಾಣಿ ತಾಂಡಾದೋರು, ನೋಡೋ ನರ್ಸಿಗೆ ಆ ಭಾಷೆ ಬರಲ್ಲ; ಪೇಷಂಟ್ ರಾಯಚೂರಿನೋರು, ಅರ್ಧ ತೆಲುಗು ಅರ್ಧ ಕನ್ನಡ; ಶಾಲೆ ಮೆಟ್ಟಿಲೇ ಹತ್ತದೋರಿಗೆ ಇಸ್ವಿ ಕೇಳ್ತೀವಿ. ಆಗ ನಾವು ಅಳೀತಿರೋದು ಮೆದುಳನ್ನೋ ಕ್ಯಾಲೆಂಡರನ್ನೋ? ಉಲ್ಟಾನೂ ಆಗುತ್ತೆ, ಅದೇ ಹೆಚ್ಚು ಭಯ. ಮಾತು ತೊದಲ್ತಿದೆ, ಇರ್ಲಿ ಬಿಡು ಭಾಷೆ ಬೇರೆ ಅಂತ ಅಂದ್ಕೊಂಡು ನಿಜವಾದ ಇಳಿತ ಕೈತಪ್ಪಿ ಹೋಗೋದು.

ಕರ್ನಾಟಕದ ಹಳ್ಳಿಯೋರಿಗೆ ಯಾವ ಪ್ರಶ್ನೆ ಕೇಳಿದ್ರೆ ನಿಜಕ್ಕೂ ಎಚ್ಚರ ಗೊತ್ತಾಗುತ್ತೆ ಅನ್ನೋದು ಗ್ಲಾಸ್ಗೋದೋರು ಹುಡುಕಿ ಕೊಡೋ ಉತ್ತರ ಅಲ್ಲ, ನಾವೇ ಹುಡುಕ್ಬೇಕು. ಅದೂ ಗಂಟೆಗೊಂದ್ಸಲ ಆ ಪ್ರಶ್ನೆ ಕೇಳೋ ನರ್ಸುಗಳೇ ಹುಡುಕ್ಬೇಕು.

ಹಾಗಾದ್ರೆ ನೀನ್ಯಾಕೆ ಮಾಡ್ಲಿಲ್ಲ ಅಂತೀರಾ? ಹೇಳ್ತೀನಿ. ನಾನು ಎಂಎಸ್ಸಿ ನರ್ಸಿಂಗ್ ಮಾಡಿದೀನಿ. ಸಕ್ಷನ್ ಮಾಡ್ವಾಗ ಪೇಷಂಟ್ ಬಿಪಿ, ಆಕ್ಸಿಜನ್ ಏನಾಗುತ್ತೆ ಅಂತ ಬೆಡ್ ಪಕ್ಕ ನಿಂತು ಸ್ಟಡಿ ಮಾಡ್ತೀನಿ ಅಂದೆ. ಟ್ಯೂಬಲ್ಲಿರೋ ಕಫ ಎಳೆಯೋ ಆ ಹತ್ತು ಹದಿನೈದು ಸೆಕೆಂಡಲ್ಲಿ ತಲೆಯೊಳಗಿನ ಪ್ರೆಶರ್ ಸರ್ರಂತ ಏರಬಹುದು, ಹಾಗಾಗಿ ಅದು ಸಣ್ಣ ವಿಷಯ ಅಲ್ಲ. ಪರ್ಮಿಷನ್ ಸಿಗಲ್ಲ, ಟೈಮಿಲ್ಲ, ಟೀಚಿಂಗ್ ಪ್ರೋಗ್ರಾಂ ಮಾಡಿ ಮುಗಿಸಪ್ಪ ಅಂದ್ರು. ಮುಗಿಸ್ದೆ. 'ಆಯ್ದ ಆಸ್ಪತ್ರೆಗಳ ಸ್ಟಾಫ್ ನರ್ಸ್‌ಗಳ ಜ್ಞಾನದ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ', 60 ಸ್ಯಾಂಪಲ್, ಪ್ರೀ ಟೆಸ್ಟ್, ಪಾಠ, ಪೋಸ್ಟ್ ಟೆಸ್ಟ್. ಪಾಠ ಮಾಡಿದ್ಮೇಲೆ ಮಾರ್ಕ್ಸ್ ಜಾಸ್ತಿ ಬಂತು ಅನ್ನೋದು ನನ್ನ ಮಹಾ ಸಂಶೋಧನೆ. ಒಂದನೇ ಕ್ಲಾಸಿನ ಮೇಡಂಗೂ ಗೊತ್ತಿರೋ ವಿಷಯ. ನಿಮ್ಮ ಇಲಾಖೆಗೇ ಸೇರಿದ ರಾಜೀವ್ ಗಾಂಧಿ ಯೂನಿವರ್ಸಿಟಿ ಕೆಳಗಿರೋ ಯಾವ ನರ್ಸಿಂಗ್ ಕಾಲೇಜ್ ಲೈಬ್ರರಿಗೆ ಬೇಕಾದ್ರೂ ಹೋಗಿ, ಊರು, ಕಾಯಿಲೆ ಹೆಸರು ಬದಲಾಯಿಸಿ ಇದೇ ಟೈಟಲ್ ಸಾಲಾಗಿ ನಿಂತಿರುತ್ತೆ. ಹುಡುಗರಿಗೆ ಬುದ್ಧಿ ಇಲ್ಲ ಅಂತಲ್ಲ ಸಾರ್, ಸಮಯಕ್ಕೆ ಸರಿಯಾಗಿ ಪಾಸಾಗೋ ದಾರಿ ಅದೊಂದೇ.

ನರ್ಸ್ ರಿಸರ್ಚ್ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾ ನೋಡಿ. ಸ್ಯಾಂಡಿ ಮಿಡಲ್‌ಟನ್ ಅಂತ ನರ್ಸಿಂಗ್ ಪ್ರೊಫೆಸರ್, ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಯೂನಿಟ್‌ಗಳಲ್ಲಿ ಸ್ಟಡಿ ಮಾಡಿದ್ರು, 2011ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಹೊಸ ಔಷಧಿ ಇಲ್ಲ, ಮೆಷಿನ್ ಇಲ್ಲ. ಮೊದಲ 72 ಗಂಟೆ ಮೂರೇ ವಿಷಯಕ್ಕೆ ಗಮನ: ಜ್ವರ, ಶುಗರ್, ನುಂಗೋದು. 90 ದಿನ ಆದ್ಮೇಲೆ ನೋಡಿದ್ರೆ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆ ಬೇಕಾದವರು ಮಾಮೂಲಿ ಆರೈಕೆ ಕೊಟ್ಟ ಕಡೆ 58%, ಈ ಕ್ರಮ ಪಾಲಿಸಿದ ಕಡೆ 42%. ಥರ್ಮಾಮೀಟರ್, ಗ್ಲುಕೋಮೀಟರ್, ಒಂದು ಲೋಟ ನೀರು ಅಷ್ಟೇ ಸಾಮಾನು. ಇದನ್ನ ಹಾಗೇ ಇಲ್ಲಿ ತಂದ್ರೂ ಸಾಕಾಗಲ್ಲ, ಯಾಕಂದ್ರೆ ನುಂಗೋಕೆ ಆಗದೋರಿಗೆ ಏನೂ ಬಾಯಿಗೆ ಹಾಕ್ಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ ಅಂತ ನಾವು ಎಷ್ಟು ಹೇಳಿದ್ರೂ, ಒಂದೇ ಚಮಚ ಮನೆದೇವ್ರ ತೀರ್ಥ ಬ್ರದರ್ ಅಂತ ವಿಸಿಟಿಂಗ್ ಟೈಮಲ್ಲಿ ಕೈ ಮುಂದೆ ಬರುತ್ತೆ. ಬೈದ್ರೆ ನಾವು ಹೊರಗೆ ಹೋದಾಗ ಹಾಕ್ತಾರೆ. ಹಣೆಗೆ ಹಚ್ಚಿ, ತುಟಿಗೆ ಬೇಡ ಅಂತ ನಾನು ಹೇಳ್ತೀನಿ, ಬಹಳ ಸಲ ಒಪ್ಪುತ್ತಾರೆ. ಇದು ಕೆಲಸ ಮಾಡುತ್ತಾ ಅಂತ ಯಾರಾದ್ರೂ ಲೆಕ್ಕ ಇಟ್ಟು ನೋಡಿದಾರಾ? ನಾನಂತೂ ಇಟ್ಟಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ ಪಮೇಲಾ ಮಿಚೆಲ್ ಅನ್ನೋ ನರ್ಸ್ 1970ರ ದಶಕದಲ್ಲೇ, ಪೇಷಂಟನ್ನ ಮಗ್ಗಲು ತಿರುಗಿಸಿದ್ರೆ ತಲೆಯೊಳಗಿನ ಪ್ರೆಶರ್ ಏನಾಗುತ್ತೆ ಅಂತ ಅಳೆದು ನೋಡೋಕೆ ಶುರು ಮಾಡಿದ್ರು. ವೆಂಟಿಲೇಟರ್ ಪೇಷಂಟ್ ಬಾಯಿಗೆ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿ ಕೊಲ್ಲೋ ದ್ರಾವಣ ಹಚ್ಚೋದನ್ನ ನಮಗೆ ವೇದವಾಕ್ಯದ ಥರ ಕಲಿಸಿದ್ರು, 2022ರ ಅಮೆರಿಕದ ಗೈಡ್‌ಲೈನ್ ಅದು ಬೇಡ, ಬ್ರಷ್ ಮಾಡಿ ಸಾಕು ಅಂತು. ಅಂದ್ರೆ ನಾವು ಕಣ್ಮುಚ್ಚಿಕೊಂಡು ಮಾಡೋ ಕೆಲಸದಲ್ಲಿ ಎಷ್ಟು ಸರಿ ಎಷ್ಟು ತಪ್ಪು ಅನ್ನೋದನ್ನ ನಾವೇ ನೋಡ್ಕೋಬೇಕು.

ಆದ್ರೆ ಯಾವಾಗ ನೋಡ್ಕೊಳ್ಳೋದು? ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಐಸಿಯುನಲ್ಲಿ ಒಂದು ಬೆಡ್ಡಿಗೆ ಪ್ರತಿ ಶಿಫ್ಟಿಗೆ ಒಬ್ಬ ನರ್ಸ್ ಇರ್ಬೇಕು. ನಾನು ಮೂರು ವೆಂಟಿಲೇಟರ್ ಒಬ್ಬನೇ ನೋಡಿದ ರಾತ್ರಿಗಳಿವೆ, ಆ ಆಸ್ಪತ್ರೆ ಹೆಸರು ಇಲ್ಲಿ ಬೇಡ. ಮೂರು ಪಂಪ್ ಒಟ್ಟಿಗೆ ಕಿರುಚ್ತಿರೋವಾಗ ಡೇಟಾ ಶೀಟ್ ತುಂಬು ಅಂದ್ರೆ ಯಾರು ತುಂಬ್ತಾರೆ? ತುಂಬಿದ್ರೂ ಶಿಫ್ಟ್ ಕೊನೇಲಿ ಅಂದಾಜಲ್ಲಿ ತುಂಬೋದು. ಯುರೋಪಿನ 9 ದೇಶಗಳ 300 ಆಸ್ಪತ್ರೆ ನೋಡಿ ಲಿಂಡಾ ಏಕನ್ ತಂಡ 2014ರಲ್ಲಿ ಬರೀತು, ಆಪರೇಷನ್ ಆದವರ ವಾರ್ಡಲ್ಲಿ ಒಬ್ಬ ನರ್ಸಿಗೆ ಒಬ್ಬ ಪೇಷಂಟ್ ಜಾಸ್ತಿ ಆದ್ರೆ 30 ದಿನದೊಳಗೆ ಸಾಯೋ ಸಂಭವ 7% ಏರುತ್ತೆ ಅಂತ. ಏಕನ್ ಕೂಡ ನರ್ಸೇ ಸಾರ್.

ನಾನು ಕೇಳ್ತಿರೋದು ದೊಡ್ಡ ಕಟ್ಟಡ ಅಲ್ಲ. ನ್ಯೂರೋಸರ್ಜರಿ ಇರೋ ಒಂದೊಂದು ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗೂ ಒಬ್ಬ ರಿಸರ್ಚ್ ನರ್ಸ್ ಪೋಸ್ಟ್ ಕೊಡಿ. ಅವರನ್ನ ಜ್ವರ ಬಂದೋರ ಬದಲಿ ಡ್ಯೂಟಿಗೆ ಎಳ್ಕೋಬಾರ್ದು ಅಂತ ಆರ್ಡರಲ್ಲೇ ಬರೆಸಿ, ಇಲ್ಲಾಂದ್ರೆ ಮೊದಲ ವಾರವೇ ಎಳ್ಕೋತಾರೆ. ಎಂಎಸ್ಸಿ ಹುಡುಗರ ಥೀಸಿಸ್ ಬೆಡ್ ಪಕ್ಕದ ವಿಷಯದ ಮೇಲಿದ್ರೆ ಎಥಿಕ್ಸ್ ಕಮಿಟಿ ಇಷ್ಟೇ ದಿನದಲ್ಲಿ ಉತ್ತರ ಕೊಡ್ಬೇಕು ಅಂತ ಯೂನಿವರ್ಸಿಟಿಗೆ ಹೇಳಿ, ಬೇಡ ಅಂದ್ರೂ ಪರವಾಗಿಲ್ಲ, ಉತ್ತರ ಬರಲಿ. ಮೊದಲ ಕೆಲಸವಾಗಿ ಎಚ್ಚರ ನೋಡೋಕೆ ಕೇಳ್ಬೇಕಾದ ಪ್ರಶ್ನೆಪಟ್ಟಿ ಮಾಡಿಸಿ: ಕನ್ನಡ, ತುಳು, ಲಂಬಾಣಿ, ದಖ್ಖನಿ ಉರ್ದು, ಗಡಿ ಕಡೆ ತೆಲುಗು ಮರಾಠಿ, ಓದು ಬರದೋರಿಗೂ ಆಗೋ ಥರ, ಇಬ್ಬರು ನರ್ಸ್ ಬೇರೆ ಬೇರೆ ಕೇಳಿದ್ರೂ ಒಂದೇ ಸ್ಕೋರ್ ಬರುತ್ತಾ ಅಂತ ಪರೀಕ್ಷೆ ಮಾಡಿ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡ್ತು, ಅದರೊಳಗೇ ಇದಕ್ಕೊಂದು ಮೂಲೆ ಕೊಡಬಹುದು.

ನಿಮ್ಮ ಆಫೀಸಿನೋರು ಯಾರಾದ್ರೂ ಇದನ್ನ ಓದಿ, ಈಗಾಗ್ಲೇ ರಾಜ್ಯದಲ್ಲಿ ನರ್ಸಿಂಗ್ ರಿಸರ್ಚ್ ಬೇಕಾದಷ್ಟಿದೆ ಅಂತ ನೋಟ್ ಹಾಕಿದ್ರೆ, ದಯವಿಟ್ಟು ನನ್ನದೂ ತರಿಸಿ ನೋಡಿ ಸಾರ್. ಮೆರೂನ್ ರೆಕ್ಸಿನ್ ಬೈಂಡಿಂಗ್, ಗೋಲ್ಡ್ ಅಕ್ಷರ, ಲೈಬ್ರರಿಯ ಎರಡನೇ ಬೀರು. ಬೀಗದ ಕೈ ಎಲ್ಲಿದೆ ಅಂತ ಅಲ್ಲಿನ ಅಟೆಂಡರ್‌ನ ಕೇಳ್ಬೇಕು.

ಇಂತಿ,
ನ್ಯೂರೋ ಐಸಿಯುನ ಒಬ್ಬ ಬ್ರದರ್