ಅಮ್ಮನ ಪರವಾಗಿ ನಿಮಗೆಲ್ಲ ವಂದನೆ

ಹೋದ ಭಾನುವಾರ ಅಮ್ಮ ವಾಕರ್ ಹಿಡಿದು ಚರ್ಚಿನ ಆರಾಧನೆಗೆ ಬಂದದ್ದನ್ನು ನೀವೆಲ್ಲ ನೋಡಿದಿರಿ. ಬಾಗಿಲಿನಿಂದ ತಮ್ಮ ಹಳೆಯ ಬೆಂಚಿನವರೆಗೆ ಯಾರ ಕೈಯನ್ನೂ ಹಿಡಿಯಲಿಲ್ಲ. ಹಟ ಜಾಸ್ತಿ ಅಲ್ವಾ ಅವರಿಗೆ! ಸ್ಟ್ರೋಕ್ ಆದದ್ದು, ಆಮೇಲಿನ ಐಸಿಯು ಕಥೆ ಎಲ್ಲ ನಿಮಗೆ ಗೊತ್ತೇ ಇದೆ. ಮತ್ತೆ ಬರೆಯುವುದಿಲ್ಲ.

ಮನೆಗೆ ಬಂದು ಪ್ರಾರ್ಥಿಸಿದ ಅಯ್ಯನವರಿಗೆ, ಸರದಿ ಹಾಕಿಕೊಂಡು ಊಟ ಕಳಿಸಿದ ಸ್ತ್ರೀ ಸಂಘದವರಿಗೆ, ಬಿಲ್ಲಿಗೆ ಹಣ ಒಟ್ಟು ಮಾಡಿದ ಅಮ್ಮನ ಹಳೆಯ ವಿದ್ಯಾರ್ಥಿಗಳಿಗೆ, ರಂಜಾನ್ ಉಪವಾಸದಲ್ಲೂ ಒಂದು ಫೋನಿಗೆ ರಿಕ್ಷಾ ತಂದು ನಿಲ್ಲಿಸಿದ ಪಕ್ಕದ ಮನೆಯ ಅಣ್ಣನಿಗೆ ತುಂಬಾ ಥ್ಯಾಂಕ್ಸ್.

ಇನ್ನು ಸಿಸ್ಟರ್ ಆಂಟಿ. ಹೆಸರು ಬರೆದರೆ ಬೈಯುತ್ತಾರೆ, ಹಾಗಾಗಿ ಬರೆಯುವುದಿಲ್ಲ. ಉಡುಪಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವರು. 1923ರಲ್ಲಿ ಬಾಸೆಲ್ ಮಿಷನ್ನಿನ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ ಆಸ್ಪತ್ರೆ ಅದು. ಆ ಡಾಕ್ಟರಮ್ಮನ ಕಥೆಗಳನ್ನು ಹಿರಿಯ ನರ್ಸುಗಳಿಂದ ಕೇಳಿ ಬೆಳೆದವರು ಇವರು. ಈಗ ರಿಟೈರ್ ಆಗಿದ್ದಾರೆ, ಮಂಡಿ ನೋವು ಬೇರೆ.

ಡಾಕ್ಟರು "ಬೆಳಗಿನವರೆಗೆ ನೋಡುವ" ಎಂದ ರಾತ್ರಿ ನನ್ನ ಜೊತೆ ಉಳಿದವರು ಅವರೊಬ್ಬರೇ. ನನಗೆ ಪ್ರಾರ್ಥನೆ ಬರಲಿಲ್ಲ. ಸಿಟ್ಟು ಬಂದಿತ್ತು, ದೇವರ ಮೇಲೆಯೇ. ಅಷ್ಟು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಿದ ಅಮ್ಮನ ಬಾಯಿಯಿಂದಲೇ ಮಾತು ಕಿತ್ತುಕೊಳ್ಳಬೇಕಿತ್ತಾ? ಇದನ್ನು ಅವರ ಎದುರಿಗೇ ಹೇಳಿ ಅತ್ತೆ. ಅವರು ಬುದ್ಧಿ ಹೇಳಲಿಲ್ಲ. ಬೈಬಲ್ ವಚನವನ್ನೂ ಹೇಳಲಿಲ್ಲ. "ಆಯ್ತು ಮಾರಾಯ್ತಿ, ಇವತ್ತು ನಿನ್ನ ಪಾಲಿನ ಪ್ರಾರ್ಥನೆ ಕೂಡ ನಾನೇ ಮಾಡ್ತೇನೆ. ನೀನು ಹೋಗಿ ಚಾ ಕುಡಿ" ಅಂದರು. ಹೋಗಿ ಕುಡಿದೆ.

ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ತಗ್ಗಿಸಿ, ಗಂಜಿಯನ್ನು ಚಮಚ ಚಮಚವಾಗಿ ಕೊಡಬೇಕು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಎಲ್ಲವನ್ನೂ ಅವರೇ ಕಲಿಸಿದರು. ಅದಕ್ಕಿಂತ ಕಷ್ಟದ್ದು ಅಮ್ಮನ ನಾಚಿಕೆ. ಇಡೀ ಜೀವನ ಸೀರೆಯ ನೆರಿಗೆ ಕೆಡದಂತೆ ಓಡಾಡಿದ ಟೀಚರ್, ಈಗ ಬೇರೆಯವರು ಬಟ್ಟೆ ಬದಲಿಸುವಾಗ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಸಿಸ್ಟರ್ ಆಂಟಿ ಮಾತ್ರ ಬಾಗಿಲಲ್ಲೇ ಕೂಗುತ್ತಿದ್ದರು, "ಟೀಚರೇ, ಬೆಲ್ ಆಯ್ತು, ಪೀರಿಯಡ್ ಬದಲು!" ನಗುತ್ತಾ ಮಗ್ಗುಲು ಬದಲಿಸಿ, ಊರಿನ ಸುದ್ದಿ ಹೇಳಿ, ತಾಳ ತಪ್ಪಿದ ದನಿಯಲ್ಲಿ ಒಂದು ಗೀತೆ ಹಾಡಿ ಹೋಗುತ್ತಿದ್ದರು.

ಕರುಣೆ ತೋರಿಸುವವನು ಸಂತೋಷದಿಂದ ತೋರಿಸಲಿ ಎಂದು ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆಯುತ್ತಾನೆ, 12ನೇ ಅಧ್ಯಾಯದಲ್ಲಿ. ಎಷ್ಟು ಸಲ ಕೇಳಿದ್ದೇನೋ. ಸೇವೆ ಮಾಡುವವರ ಮನಸ್ಸು ಚೆನ್ನಾಗಿರಲಿ ಅಂತ ಹೇಳಿದ ಮಾತು ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಆ ಸಂತೋಷ ಬೇಕಾಗಿರುವುದು ಮಲಗಿರುವವರಿಗೆ. ನಾವು ಮುಖ ಬಿಗಿದುಕೊಂಡು ಎಷ್ಟೇ ಚೆನ್ನಾಗಿ ನೋಡಿಕೊಂಡರೂ, ತಾವೊಂದು ಭಾರ ಅಂತ ಅವರಿಗೆ ತಿಳಿದುಬಿಡುತ್ತದೆ. ಸಿಸ್ಟರ್ ಆಂಟಿ ಇದ್ದಾಗ ಅಮ್ಮ ಯಾರಿಗೂ ಭಾರವಾಗಿರಲಿಲ್ಲ. ಗೋಡೆಯ ಕಡೆ ತಿರುಗುವುದು ತಾನಾಗಿಯೇ ನಿಂತಿತು.

ಅಮ್ಮನ ಮೊದಲ ಪೂರ್ತಿ ವಾಕ್ಯ ಏನು ಗೊತ್ತಾ? ಒಂದು ಮಧ್ಯಾಹ್ನ ಆಂಟಿ ಸ್ವಲ್ಪ ಬೇಗ ಬಂದಿದ್ದರು. ಅಮ್ಮ ಗಡಿಯಾರ ನೋಡಿ, ತೊದಲುತ್ತಾ ಹೇಳಿದರು: "ಇನ್ನೂ ಬೆಲ್ ಆಗ್ಲಿಲ್ಲ."

ಒಂದು ಕೋರಿಕೆ. ಊಟ ಬಂದ ಸ್ಟೀಲ್ ಡಬ್ಬಗಳು ನಮ್ಮ ಅಡುಗೆಮನೆಯಲ್ಲಿ ಸಾಲಾಗಿ ಕೂತಿವೆ. ಯಾರದು ಯಾವುದು ಅಂತ ಗೊತ್ತಾಗುತ್ತಿಲ್ಲ. ಸಂಜೆ ಬಂದು ನಿಮ್ಮದನ್ನು ಗುರುತಿಸಿ ತೆಗೆದುಕೊಂಡು ಹೋಗಿ, ಅಮ್ಮನ ಜೊತೆ ಸ್ವಲ್ಪ ಹೊತ್ತು ಮಾತಾಡಿ. ಹಾರ್ಲಿಕ್ಸ್ ಮಾತ್ರ ತರಬೇಡಿ, ಸಾಕಷ್ಟಿದೆ.